ಹಂಡೆ ನೀರು ಆರುವ ಮೊದಲು: ತೀರ್ಥಹಳ್ಳಿಯಲ್ಲಿ ಉಳಿದು ಒಂದೇ ದಿನದಲ್ಲಿ ಬೆಟ್ಟ ಹತ್ತಿಳಿಯುವ ಸಮಗ್ರ ಮಾರ್ಗದರ್ಶಿ

ಹೋದ ಸಲ ಹಬ್ಬಕ್ಕೆ ಬಂದಿದ್ದ ನೆಂಟರ ಹುಡುಗನೊಬ್ಬ ಜಪಾನಿನ ಬೆಪ್ಪು ಎಂಬ ಊರಿನ ಫೋಟೋ ತೋರಿಸಿದ. ಊರ ತುಂಬ ಬಿಸಿನೀರಿನ ಬುಗ್ಗೆಗಳು. ಊರ ಬೆನ್ನಿಗೆ ತ್ಸುರುಮಿ, ಅದರಾಚೆ ಯೂಫು, ಎರಡೂ ಜ್ವಾಲಾಮುಖಿ ಬೆಟ್ಟಗಳು. ಬೆಳಿಗ್ಗೆ ಬೆಟ್ಟ ಹತ್ತೋದು, ಸಂಜೆ ಬುಗ್ಗೆಯಲ್ಲಿ ಕೂರೋದು. "ನಿಮ್ಮೂರಲ್ಲಿ ಏನಿದೆ?" ಅಂದ. ನಾನು ಬಚ್ಚಲುಮನೆ ಕಡೆ ಕೈ ತೋರಿಸಿದೆ. ಒಲೆ ಉರಿಯುತ್ತಿತ್ತು. ತಾಮ್ರದ ಹಂಡೆಯಲ್ಲಿ ನೀರು ಸದ್ದು ಮಾಡುತ್ತಿತ್ತು.

ಸುಮ್ನೆ ತಮಾಷೆಗೆ ತೋರಿಸಿದ್ದಲ್ಲ. ತ್ಸುರುಮಿಯ ಎತ್ತರ 1375 ಮೀಟರ್. ನಮ್ಮ ಕೊಡಚಾದ್ರಿ 1343. ಅವರಿಗಿಂತ ನಾವು ಮೂವತ್ತೆರಡು ಮೀಟರ್ ಕಡಿಮೆ, ಅಷ್ಟೇ. ಬಿಸಿನೀರಿನ ಬುಗ್ಗೆಯೇ ಬೇಕು ಅಂದರೆ ಘಾಟಿ ಇಳಿದು ಪುತ್ತೂರು ಕಡೆಯ ಇರ್ದೆಯ ಬೆಂದ್ರುತೀರ್ಥಕ್ಕೆ ಹೋಗಬೇಕು. ಮಲೆನಾಡಿನಲ್ಲಿ ಆ ಕೆಲಸವನ್ನು ಹಂಡೆ ಮಾಡುತ್ತದೆ.

ಜ್ವಾಲಾಮುಖಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಬೆಟ್ಟಗಳು ಜ್ವಾಲಾಮುಖಿಗಳಲ್ಲ. ಆದರೆ ಶಿವಮೊಗ್ಗ, ಬಾಬಾಬುಡನ್‌ಗಿರಿ ಸೀಮೆಯ ಕಲ್ಲುಗಳಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಇದೆ. ಬೆಂದು, ಮಡಚಿ, ಒತ್ತಡಕ್ಕೆ ಸಿಕ್ಕಿ ಈಗ ಗುರುತೇ ಸಿಗದ ಹಾಗೆ ಆಗಿದೆ. ಅದೇ ಸೀಮೆಯ ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಬರುತ್ತಿತ್ತು. ತಣ್ಣಗಾದ ಲಾವಾವನ್ನು ಕಣ್ಣಾರೆ ನೋಡಬೇಕಿದ್ದರೆ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬದಂಥ ಕಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ. ನಮ್ಮ ಕಲ್ಲಿನ ಮುಂದೆ ಅವು ನಿನ್ನೆ ಮೊನ್ನೆಯವು.

ಈಗ ಕೆಲಸಕ್ಕೆ ಬರೋಣ. ತೀರ್ಥಹಳ್ಳಿಯಲ್ಲಿ ಉಳಿದುಕೊಳ್ಳಿ. ಶಿವಮೊಗ್ಗದಿಂದ ತುಂಗೆಯ ಬದಿಯಲ್ಲೇ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಬಂದರೆ ಅರವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ಇಲ್ಲಿಂದ ನಾಲ್ಕು ಬೆಟ್ಟಗಳನ್ನು ಒಂದೊಂದು ದಿನದಲ್ಲಿ ಹತ್ತಿ ಇಳಿದು ಬರಬಹುದು: ಕುಂದಾದ್ರಿ, ಕವಲೇದುರ್ಗ, ಕೊಡಚಾದ್ರಿ, ನರಸಿಂಹ ಪರ್ವತ. ನಾನು ಬರೆದಿರುವ ಕ್ರಮದಲ್ಲೇ ಹತ್ತಿ. ಮೊದಲ ದಿನವೇ ಕೊಡಚಾದ್ರಿಗೆ ಹೋದವರು ಎರಡನೇ ದಿನ ಲಾಡ್ಜಿನ ಮೆಟ್ಟಿಲನ್ನೂ ಅಡ್ಡಡ್ಡ ಇಳಿಯುತ್ತಾರೆ.

ಮೊದಲು ತಿಂಗಳು ನೋಡಿ, ಆಮೇಲೆ ಬೆಟ್ಟ

ಹೊರಗಿನವರು ಮಾಡುವ ದೊಡ್ಡ ತಪ್ಪು ಇದು. ಬೆಟ್ಟ ಆರಿಸುತ್ತಾರೆ, ರಜೆ ಹಾಕುತ್ತಾರೆ, ಬಂದುಬಿಡುತ್ತಾರೆ. ಇಲ್ಲಿ ಬೆಟ್ಟದ ಎತ್ತರ ಅಂಥ ಕಷ್ಟವಲ್ಲ. ಕಷ್ಟ ಕೊಡೋದು ನೀರು.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಬಿದ್ದ ದಾಖಲೆ ಇದೆ. ಬೆಂಗಳೂರಿಗೆ ನಾಲ್ಕು ವರ್ಷಕ್ಕೆ ಬೀಳುವುದಕ್ಕಿಂತ ಜಾಸ್ತಿ. ಆರಿದ್ರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಕೊನೆಯಿಂದ, ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ನಮ್ಮವರೇ ಗುಡ್ಡದ ಕಡೆ ತಲೆ ಹಾಕುವುದಿಲ್ಲ. ನಿನ್ನೆ ಪಾದ ಮುಳುಗುತ್ತಿದ್ದ ಹಳ್ಳ ಇವತ್ತು ಸೊಂಟ ಮುಳುಗಿಸುತ್ತದೆ. ಬೆಳಿಗ್ಗೆ ದಾಟಿದ ಸಂಕ (ಕಾಲುಸೇತುವೆ) ಸಂಜೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಒಳ್ಳೆಯ ಕಾಲ ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಅದರಲ್ಲೂ ದೀಪಾವಳಿ ಕಳೆದ ಮೇಲೆ. ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರು, ಆಕಾಶ ತೊಳೆದ ಹಾಗೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಜಾತ್ರೆ. ಆ ಮೂರು ದಿನ ರೂಮು ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಜಾತ್ರೆಯೂ ಬೇಕು ಅನ್ನುವವರು ಬನ್ನಿ, ಬೆಟ್ಟ ಮಾತ್ರ ಸಾಕು ಅನ್ನುವವರು ಒಂದು ವಾರ ಆಚೀಚೆ ಮಾಡಿಕೊಳ್ಳಿ.

ಫೆಬ್ರವರಿ ದಾಟಿತೋ, ಹುಲ್ಲು ಒಣಗುತ್ತದೆ, ಬೆಂಕಿಯ ಭಯ ಶುರು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಇನ್ನೊಂದು ಕಾರಣವೂ ಇದೆ. ಅದನ್ನು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆ ಹುಳದ, ಮಾತು ಬಂದಾಗ ಹೇಳುತ್ತೇನೆ.

ಮಳೆಗಾಲದಲ್ಲೇ ಬರಬೇಕು, ಬೇರೆ ರಜೆ ಇಲ್ಲ ಅನ್ನುವವರಿಗೆ ಕವಲೇದುರ್ಗ ಮತ್ತು ಕುಂದಾದ್ರಿ ಸಾಕು. ಅದೂ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ.

ದಿನವನ್ನು ಸಂಜೆಯಿಂದ ಲೆಕ್ಕ ಹಾಕಿ

ಎಷ್ಟು ಗಂಟೆಗೆ ಹೊರಡೋದು ಅಂತ ಎಲ್ಲರೂ ಕೇಳುತ್ತಾರೆ. ನಾನು ಎಷ್ಟು ಗಂಟೆಗೆ ಸ್ನಾನ ಅಂತ ಕೇಳುತ್ತೇನೆ.

ನಮ್ಮ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬುತ್ತಾರೆ. ಆರರಿಂದ ಎಂಟರವರೆಗೆ ನೀರು ಸುಡುಸುಡು ಇರುತ್ತದೆ. ಹಾಗಾಗಿ ಆರೂವರೆಗೆ ಮನೆಯಲ್ಲಿರಬೇಕು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಕೊಡಚಾದ್ರಿ ಬುಡದಿಂದ ತೀರ್ಥಹಳ್ಳಿಗೆ ವಾಹನದಲ್ಲಿ ಎರಡು ಗಂಟೆ. ಅಂದರೆ ನಾಲ್ಕೂವರೆಗೆ ಬುಡದಲ್ಲಿರಬೇಕು. ಇಳಿಯಲು ಮೂರು ಗಂಟೆ. ಒಂದೂವರೆಗೆ ತುದಿ ಬಿಡಬೇಕು. ಮೇಲೆ ಒಂದು ಗಂಟೆ ಬೇಕು. ಹತ್ತಲು ನಾಲ್ಕೂವರೆ ಗಂಟೆ. ಎಂಟಕ್ಕೆ ಬುಡದಲ್ಲಿ ಹೆಜ್ಜೆ ಇಡಬೇಕು. ಆರಕ್ಕೆ ತೀರ್ಥಹಳ್ಳಿ ಬಿಡಬೇಕು.

ಹತ್ತುವ ಸಮಯಕ್ಕೆ ನನ್ನ ಲೆಕ್ಕ ಸರಳ. ಸಮತಟ್ಟಿನಲ್ಲಿ ಗಂಟೆಗೆ 3 ಕಿಲೋಮೀಟರ್. ಅದರ ಮೇಲೆ ಪ್ರತಿ 300 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ 7 ಕಿಲೋಮೀಟರ್, ಏರು 600 ಮೀಟರ್ ಅಂತಾದರೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಪುಸ್ತಕದ ಲೆಕ್ಕಕ್ಕಿಂತ ಇದು ನಿಧಾನ. ಆದರೆ ಪುಸ್ತಕದ ಲೆಕ್ಕದಲ್ಲಿ ಇಂಬಳ (ಜಿಗಣೆ) ಕೀಳಲು ನಿಲ್ಲುವ ಹೊತ್ತು ಸೇರಿರುವುದಿಲ್ಲ.

ಒಂದೂವರೆ ಅನ್ನುವ ಆ ಗಂಟೆಯನ್ನು ಗುಂಪಿನ ಎಲ್ಲರಿಗೂ ಮೊದಲೇ ಹೇಳಿಬಿಡಿ. ತುದಿ ಮುಟ್ಟಿರಲಿ, ಬಿಡಲಿ, ಒಂದೂವರೆಗೆ ವಾಪಸ್ಸು. ಡಿಸೆಂಬರಿನಲ್ಲಿ ಸೂರ್ಯ ಮುಳುಗೋದು ಆರರ ಸುಮಾರಿಗೆ. ಕಾನಿನ, ಅಂದರೆ ದಟ್ಟ ಕಾಡಿನ, ಒಳಗೆ ಐದೂಕಾಲಿಗೇ ಕತ್ತಲೆ.

ಅನುಮತಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನಜಾತ್ರೆ ಆಯಿತು. ಆ ಫೋಟೋಗಳು ನೆನಪಿರಬಹುದು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂದಿತು. ಕಾಡಿನೊಳಗಿನ ಚಾರಣಗಳಿಗೆ ಈಗ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ಮಾಡಬೇಕು. ದಿನಕ್ಕೆ ಇಂತಿಷ್ಟೇ ಜನ ಅನ್ನುವ ಮಿತಿ ಇದೆ. ನರಸಿಂಹ ಪರ್ವತಕ್ಕೆ ಇದು ಬೇಕೇ ಬೇಕು. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದ ಬೆಟ್ಟ, ಅದಕ್ಕೂ ಶುಲ್ಕ ಕಟ್ಟಬೇಕು. ಕವಲೇದುರ್ಗಕ್ಕೆ ಬಾಗಿಲಲ್ಲೇ ಟಿಕೆಟ್. ಗುರುತಿನ ಚೀಟಿ ಜೇಬಿನಲ್ಲಿರಲಿ. ಹೊರಡುವ ಹಿಂದಿನ ದಿನ ದಾರಿ ತೆರೆದಿದೆಯೋ ಇಲ್ಲವೋ ಒಂದು ಮಾತು ಕೇಳಿ. ಮಳೆಗೆ, ಬೆಂಕಿಗೆ, ಪ್ರಾಣಿಗಳ ಓಡಾಟಕ್ಕೆ ದಾರಿ ದಿಢೀರನೆ ಮುಚ್ಚುತ್ತಾರೆ.

ಕಾಲಿಗೆ, ಬೆನ್ನಿಗೆ, ಹೊಟ್ಟೆಗೆ

ಚಪ್ಪಲಿಯ ಬಗ್ಗೆ ಜಗಳ ಮುಗಿಯುವುದಿಲ್ಲ. ನಮ್ಮಲ್ಲಿ ಹವಾಯಿ ಚಪ್ಪಲಿಯಲ್ಲೇ ಗುಡ್ಡ ಹತ್ತಿ ಸೊಪ್ಪು ತರುವವರಿದ್ದಾರೆ. ಅವರನ್ನು ನೋಡಿ ನೀವು ಹಾಗೆ ಮಾಡಬೇಡಿ. ಅವರ ಕಾಲು ಬೇರೆ. ತೋಟಕ್ಕೆ ಹಾಕುವ ಗಂಬೂಟು ಇಂಬಳಕ್ಕೆ ಒಳ್ಳೆಯದು, ಇಳಿಜಾರಿಗೆ ಕೆಟ್ಟದ್ದು, ಹಿಮ್ಮಡಿ ಒಳಗೇ ಜಾರುತ್ತದೆ. ದುಬಾರಿ ಶೂ ಬೇಕಾಗಿಲ್ಲ. ಅಡಿಯಲ್ಲಿ ಆಳವಾದ ಗೀರುಗಳಿರುವ, ನೀರು ಬೇಗ ಬಸಿಯುವ ಸಾಧಾರಣ ಶೂ ಸಾಕು. ಹೊಸ ಶೂ ಹಾಕಿಕೊಂಡು ಬರಬೇಡಿ ಅಷ್ಟೇ.

ಕೊಡೆ ಕೆಳಗೆ ಬಿಡಿ. ಕೊಡಚಾದ್ರಿಯ ಏಣಿನ (ಬೆಟ್ಟದ ಬೆನ್ನಿನ) ಮೇಲೆ ಗಾಳಿಗೆ ಕೊಡೆ ತಾವರೆ ಹೂವಾಗುತ್ತದೆ. ತೆಳುವಾದ ರೈನ್‌ಕೋಟು, ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರು, ಅದರೊಳಗೆ ಒಣ ಅಂಗಿ, ಒಣ ಕಾಲುಚೀಲ. ಟಾರ್ಚು ಕಡ್ಡಾಯ, ಬೆಳಿಗ್ಗೆ ಆರಕ್ಕೆ ಹೊರಟರೂ ಕಡ್ಡಾಯ. ಮೊಬೈಲಿನಲ್ಲಿ ಆ ಭಾಗದ ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಬೆಟ್ಟದಲ್ಲಿ ಸಿಗ್ನಲ್ ಸಿಕ್ಕರೆ ಹೆಚ್ಚಾಗಿ ಬಿಎಸ್‌ಎನ್‌ಎಲ್, ಅದೂ ಅಲ್ಲೊಂದು ಇಲ್ಲೊಂದು ತಿರುವಿನಲ್ಲಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯುತ್ತದೆ, ಏರೋಪ್ಲೇನ್ ಮೋಡಿಗೆ ಹಾಕಿಡಿ. ಹೋಗುವ ದಾರಿ, ಬರುವ ಹೊತ್ತು, ಎರಡನ್ನೂ ಉಳಿದ ಮನೆಯಲ್ಲಿ ಹೇಳಿ ಹೋಗಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ನೀರು ತಲೆಗೆ ಎರಡೂವರೆ ಲೀಟರ್. ಚಳಿಗಾಲ, ಬಾಯಾರಿಕೆ ಆಗಲ್ಲ ಅನ್ನಬೇಡಿ. ಹುಲ್ಲಿನ ಏಣಿನ ಮೇಲೆ ನೆರಳೇ ಇಲ್ಲ. ಬುತ್ತಿಗೆ ಅಕ್ಕಿರೊಟ್ಟಿ, ಒಣ ಚಟ್ನಿ. ಬಾಳೆಎಲೆಯಲ್ಲಿ ಸುತ್ತಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಜೊತೆಗೆ ಒಂದು ಅಚ್ಚು ಬೆಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ರೂಢಿ. ಬೆಟ್ಟದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕೊನೇ ಏರಿನ ಕೆಳಗೆ ಒಂದು ತುಂಡು ಬೆಲ್ಲ, ನಾಲ್ಕು ಗುಟುಕು ನೀರು, ಐದು ನಿಮಿಷ ಕೂರಿ. ಬೆವರಿನಲ್ಲಿ ಹೋದ ಉಪ್ಪಿಗೆ ಮಿಡಿ ಉಪ್ಪಿನಕಾಯಿ ಇದ್ದೇ ಇದೆ.

ಇಂಬಳ, ಉಣುಗು, ಹಾವು

ಇಂಬಳಕ್ಕೆ ಹೆದರಿ ಕಿರುಚುವವರು ಜಾಸ್ತಿ. ಆದರೆ ಈ ಮೂರರಲ್ಲಿ ಅದೇ ಪಾಪದ್ದು. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಕುಡಿದು ಉದುರುತ್ತದೆ, ಗಾಯ ಸ್ವಲ್ಪ ಹೊತ್ತು ಒಸರುತ್ತದೆ. ರೋಗ ಅಂಟಿಸುವುದಿಲ್ಲ. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಕಾಲುಚೀಲಕ್ಕೆ ಸುಣ್ಣ ಅಥವಾ ಹೊಗೆಸೊಪ್ಪಿನ ನೀರು ಸವರಿ. ಹತ್ತಿದ್ದನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿ ತೆಗೆಯಿರಿ. ನಿಂತಲ್ಲಿ ನಿಲ್ಲಬೇಡಿ. ಒಂದು ನಿಮಿಷ ನಿಂತರೆ ಸುತ್ತಲಿನ ಎಲೆಗಳೆಲ್ಲ ಬಾಗಿ ನಿಮ್ಮನ್ನೇ ಹುಡುಕುತ್ತವೆ.

ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಮೇಲೆ ಜನ. ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದು ನಮ್ಮ ಜಿಲ್ಲೆಯಿಂದಲೇ. ಅದನ್ನು ಹರಡುವುದು ಉಣುಗಿನ ಮರಿಗಳು, ಎಳ್ಳಿನ ಕಾಳಿನಷ್ಟು ಚಿಕ್ಕವು. ಡಿಸೆಂಬರಿನಿಂದ ಮೇ ತನಕ ಅವುಗಳ ಕಾಲ. ತೀರ್ಥಹಳ್ಳಿ, ಸಾಗರ, ಹೊಸನಗರ ಮೂರೂ ತಾಲ್ಲೂಕುಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಎಷ್ಟು ಕಷ್ಟ ಆಯಿತು ಅಂತ ನಮಗೆಲ್ಲ ಗೊತ್ತು.

ಆದ್ದರಿಂದ ಡಿಸೆಂಬರ್ ಶುರುವಾದ ಮೇಲೆ ಬರುವವರು ಇಷ್ಟು ಮಾಡಿ. ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ, ಉಣುಗು ಕಣ್ಣಿಗೆ ಬೀಳುತ್ತದೆ. ಆರೋಗ್ಯ ಕೇಂದ್ರದಲ್ಲಿ ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಒಣ ಎಲೆಯ ದರಗಿನ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಹೋದ ಮೇಲೆ ಒಂದು ವಾರ, ಹತ್ತು ದಿನದೊಳಗೆ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಶಿವಮೊಗ್ಗದ ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕಾಗಿಲ್ಲ, ಅಲ್ವಾ?

ಹಾವಿನ ವಿಷಯ. ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರುವಾಸಿ, ಅಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರವೂ ಇದೆ. ಆದರೆ ಕಾಳಿಂಗ ನಿಮ್ಮನ್ನು ಕಂಡರೆ ತಾನೇ ಸರಿಯುತ್ತದೆ. ಸರಿಯದೆ ಕೂರುವುದು ಗುಳಿಮಂಡಲ. ಮಳೆಗಾಲದಲ್ಲಿ ದಾರಿ ಬದಿಯ ಕೊಂಬೆಯ ಮೇಲೆ, ಎಲೆಯ ಬಣ್ಣದಲ್ಲೇ ಕೂತಿರುತ್ತದೆ. ಆಸರೆಗೆ ಅಂತ ಕೊಂಬೆ ಹಿಡಿಯುವ ಮುಂಚೆ ಕಣ್ಣು ಮೊದಲು ಹೋಗಲಿ, ಕೈ ಆಮೇಲೆ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು, ಗುಳಿಮಂಡಲ ಅದರಲ್ಲಿ ಸೇರಿಲ್ಲ. ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ.

ಮೊದಲ ದಿನ: ಕುಂದಾದ್ರಿ

ಇದನ್ನು ಬೆಟ್ಟ ಹತ್ತುವುದು ಅನ್ನಲಾರೆ, ಕಾಲು ಸಡಿಲ ಮಾಡಿಕೊಳ್ಳುವುದು ಅನ್ನಿ. ಎತ್ತರ 826 ಮೀಟರ್. ಆಗುಂಬೆ ದಾರಿಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಮೇಲಿನವರೆಗೆ ಡಾಂಬರು ರಸ್ತೆ ಇದೆ. ವಾಹನ ಕೆಳಗೆ ಬಿಟ್ಟು ನಡೆಯಿರಿ, ಇಲ್ಲದಿದ್ದರೆ ಬಂದ ಉದ್ದೇಶವೇ ಹಾಳು. ಗೇಟು ತೆಗೆಯುವ ಹೊತ್ತು ಹಿಂದಿನ ದಿನ ಕೇಳಿಕೊಳ್ಳಿ.

ತುದಿ ಅಂದರೆ ಒಂದೇ ದೊಡ್ಡ ಬಂಡೆ. ಬಂಡೆಯ ಅಂಚಿನಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕಲ್ಲಿನಲ್ಲೇ ನೀರು ನಿಂತ ಕೊಳಗಳು. ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಜಾಗ ಎಂಬ ನಂಬಿಕೆಯಿಂದ ಬೆಟ್ಟಕ್ಕೆ ಆ ಹೆಸರು. ನವೆಂಬರಿನ ಬೆಳಿಗ್ಗೆ ಕೆಳಗಿನ ಗದ್ದೆ ತೋಟವೆಲ್ಲ ಮಂಜಿನಲ್ಲಿ ಮುಳುಗಿ ಗುಡ್ಡದ ತಲೆಗಳು ಮಾತ್ರ ಮೇಲೆ ತೇಲುತ್ತವೆ. ಹತ್ತು ಗಂಟೆಗೆ ಕೆಳಗಿಳಿದರೆ ಮಧ್ಯಾಹ್ನ ಕುಪ್ಪಳಿಯ ಕವಿಶೈಲದಲ್ಲಿ ಕೂತು ಬರಬಹುದು. ಅಲ್ಲಿ ಏರೂ ಕಡಿಮೆ, ಮಾತೂ ಕಡಿಮೆ ಇರಲಿ.

ಎರಡನೇ ದಿನ: ಕವಲೇದುರ್ಗ

ನನಗೆ ಕೇಳಿದರೆ ಈ ನಾಲ್ಕರಲ್ಲಿ ಇದೇ ಹೆಚ್ಚು ಇಷ್ಟ. ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಹತ್ತಿರ ಹತ್ತಿರ. ದಾರಿ ಶುರುವಾಗೋದೇ ಗದ್ದೆಯ ನಡುವೆ. ಅಕ್ಟೋಬರಿನಲ್ಲಿ ಬಂದರೆ ಭತ್ತ ತೆನೆ ಕಟ್ಟಿರುತ್ತದೆ. ಅಂಚಿನ ಮೇಲೆ ನಡೆಯುವಾಗ ಪಕ್ಕಕ್ಕೆ ಕಾಲಿಡಬೇಡಿ, ಅದು ಯಾರದೋ ವರ್ಷದ ಅನ್ನ.

ಗದ್ದೆ ಮುಗಿದ ಕೂಡಲೇ ಕಾಡು, ಕಾಡಿನಲ್ಲಿ ಕಲ್ಲು ಹಾಸಿದ ದಾರಿ. ಕೆಳದಿ ಅರಸರ ಕಾಲದ ಚಪ್ಪಡಿಗಳು. ಮಳೆ ಬಿದ್ದ ಮೇಲೆ ಇವು ಸೋಪು ಹಚ್ಚಿದ ಹಾಗೆ. ಚಪ್ಪಡಿಯ ನಡುವೆ ಕಾಲಿಡದೆ ಎರಡು ಕಲ್ಲು ಕೂಡುವ ಸಂದಿನಲ್ಲಿ ಇಡಿ. ಇಳಿಯುವಾಗ ಪಾದ ಸ್ವಲ್ಪ ಅಡ್ಡ ಮಾಡಿ ಇಡಿ. ಮಂಡಿಗೆ ಭಾರ ಬೀಳುವುದಿಲ್ಲ, ಜಾರಿದರೂ ಕೂರುತ್ತೀರಿ, ಮುಗ್ಗರಿಸುವುದಿಲ್ಲ.

ಮೂರು ಸುತ್ತಿನ ಕೋಟೆ. ಒಂದೊಂದು ಹೆಬ್ಬಾಗಿಲಿನಲ್ಲೂ ದಾರಿ ನೆಟ್ಟಗೆ ಹೋಗದೆ ತಿರುಗುತ್ತದೆ, ಓಡಿಬಂದ ವೈರಿ ಅಲ್ಲೇ ನಿಧಾನ ಆಗಬೇಕು. ನೀವೂ ಆಗುತ್ತೀರಿ, ಏದುಸಿರು ಬಿಡಲು ಒಳ್ಳೆಯ ಜಾಗ. ಕೋಟೆ ಕೆಳದಿಯವರಿಗಿಂತ ಹಳೆಯದು, ಇದನ್ನು ಗಟ್ಟಿ ಮಾಡಿಸಿದವನು ಕೆಳದಿಯ ವೆಂಕಟಪ್ಪ ನಾಯಕ. ಆಗ ಇದರ ಹೆಸರು ಭುವನಗಿರಿ ದುರ್ಗ. ಒಳಗೆ ಕಾಶಿ ವಿಶ್ವನಾಥ ದೇವಸ್ಥಾನ, ಅದರ ಮುಂದೆ ಎರಡು ಎತ್ತರದ ಕಂಬಗಳು. ಅಲ್ಲಿಗೇ ಸುಸ್ತಾಗಿ ಹಿಂತಿರುಗುವವರಿದ್ದಾರೆ. ಹಿಂತಿರುಗಬೇಡಿ. ಅರಮನೆಯ ಪಾಯ ಇರೋದು ಮುಂದೆ.

ಅರಮನೆಯ ಗೋಡೆ, ಮಾಡು ಏನೂ ಉಳಿದಿಲ್ಲ, ಕಟ್ಟೆ ಮತ್ತು ಕಂಬದ ಬುಡಗಳಷ್ಟೇ. ಆದರೂ ಮನೆ ತಿಳಿಯುತ್ತದೆ. ಇಲ್ಲಿ ದೇವರ ಕೋಣೆ, ಇಲ್ಲಿ ಕಲ್ಲಿನ ಮಂಚ, ಇಲ್ಲಿ ಅಡುಗೆಮನೆಯಲ್ಲಿ ಐದು ಕಡೆ ಬಾಯಿರುವ ಕಲ್ಲಿನ ಒಲೆ. ಇನ್ನು ಬಚ್ಚಲು. ನೀರು ಬರುವ ದಾರಿ, ನೀರು ಹೋಗುವ ದಾರಿ ಎರಡನ್ನೂ ಕಲ್ಲಿನಲ್ಲೇ ಕೊರೆದಿದ್ದಾರೆ. ಕಲ್ಲಿನ ಮೇಲೆ ಕೈಯಿಟ್ಟರೆ ನೀರು ಓಡಿ ನುಣುಪಾದ ಗೆರೆ ಸಿಗುತ್ತದೆ. ಹಂಡೆ ಎಲ್ಲಿಟ್ಟಿದ್ದರು ಅಂತ ನಾನು ಪ್ರತಿ ಸಲ ಹುಡುಕುತ್ತೇನೆ.

ತುದಿಯ ಶಿಖರೇಶ್ವರ ಗುಡಿಗೆ ಬಂಡೆ ಹತ್ತಿ ಹೋಗಬೇಕು. ಒಣ ದಿನ ಮಾತ್ರ. ಹೋಗಿ ಬರಲು ಒಟ್ಟು ಮೂರು ಗಂಟೆ ಸಾಕು, ನಾನು ಐದು ಗಂಟೆ ಇಟ್ಟುಕೊಳ್ಳುತ್ತೇನೆ. ಕೊಳಗಳಲ್ಲಿ ಇಳಿಯಬೇಡಿ. ಪಾಚಿ ಇದೆ, ಆಳ ತಿಳಿಯುವುದಿಲ್ಲ.

ಮೂರನೇ ದಿನ ವಿಶ್ರಾಂತಿ, ನಾಲ್ಕನೇ ದಿನ ಕೊಡಚಾದ್ರಿ

ವಿಶ್ರಾಂತಿಯ ದಿನ ಛಿಬ್ಬಲಗುಡ್ಡೆಗೆ ಹೋಗಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬನ್ನಿ. ನೀರಿಗೆ ಇಳಿಯಬೇಡಿ.

ಕೊಡಚಾದ್ರಿಗೆ ನಗರ, ಸಂಪೇಕಟ್ಟೆ ದಾಟಿ ನಿಟ್ಟೂರು ಕಡೆ ಹೋಗಬೇಕು. ನಗರ ಅಂದರೆ ಹಳೆಯ ಬಿದನೂರು, 1763ರಲ್ಲಿ ಹೈದರಾಲಿ ಕೈಗೆ ಹೋದ ಕೆಳದಿಯವರ ರಾಜಧಾನಿ. ರಸ್ತೆ ಬದಿಯಲ್ಲೇ ಕೋಟೆ ಕಾಣುತ್ತದೆ. ಆದರೆ ಬೆಳಿಗ್ಗೆ ನಿಲ್ಲಬೇಡಿ, ಲೆಕ್ಕ ತಪ್ಪುತ್ತದೆ.

ಮೇಲಕ್ಕೆ ಎರಡು ದಾರಿ. ಒಂದು ಜೀಪಿನ ದಾರಿ. ದಾರಿ ಅನ್ನುವುದು ಮರ್ಯಾದೆಗೆ. ಗುಂಡಿಯಿಂದ ಗುಂಡಿಗೆ ಹಾರುವ ಕೆಲಸ ಅದು, ಸ್ವಂತ ಕಾರು ತರಬೇಡಿ. ಇನ್ನೊಂದು ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಕಾಡು ಹತ್ತುವ ಕಾಲುದಾರಿ. ಹಿಡ್ಲುಮನೆ ಮೇಲೆ ಹತ್ತಿ, ಜೀಪಿನ ದಾರಿಯಲ್ಲಿ ಇಳಿಯಿರಿ. ಉಲ್ಟಾ ಮಾಡಬೇಡಿ. ಜಲಪಾತದ ಪಕ್ಕದ ಒದ್ದೆ ಬಂಡೆ ಹತ್ತುವಾಗ ಕೈಗೆ ಸಿಗುತ್ತದೆ, ಇಳಿಯುವಾಗ ಕಾಲಿಗೆ ಸಿಗುವುದಿಲ್ಲ. ಜಲಪಾತದ ನೆತ್ತಿಯಲ್ಲಿ ಫೋಟೋಕ್ಕೆ ನಿಲ್ಲುವುದಂತೂ ಬೇಡವೇ ಬೇಡ. 2023ರ ಜುಲೈನಲ್ಲಿ ಇದೇ ಬೆಟ್ಟದ ತಪ್ಪಲಿನ ಅರಶಿನಗುಂಡಿ ಜಲಪಾತದಲ್ಲಿ ಒಬ್ಬ ಹುಡುಗ ಹಾಗೆ ನಿಂತು ಜಾರಿದ. ಆ ವಿಡಿಯೋ ಊರೆಲ್ಲ ನೋಡಿತು.

ಕಾಡು ಮುಗಿದು ಹುಲ್ಲು ಶುರುವಾದಾಗ ಅರ್ಧ ಗೆದ್ದ ಹಾಗೆ. ಮುಂದೆ ಮೂಲ ಮೂಕಾಂಬಿಕೆಯ ಗುಡಿ, ಹತ್ತಿರದಲ್ಲಿ ನೆಟ್ಟ ಕಬ್ಬಿಣದ ಕಂಬ. ಇಷ್ಟು ಮಳೆ ಬೀಳುವ ಜಾಗದಲ್ಲಿ ಆ ಕಬ್ಬಿಣ ನಿಂತಿರುವುದನ್ನು ನೋಡಿ. ನಮ್ಮನೆ ಗೇಟು ಮೂರು ಮಳೆಗಾಲಕ್ಕೆ ತೂತಾಗಿದೆ. ಜೀಪಿನಲ್ಲಿ ಬಂದವರೂ ಇಲ್ಲೇ ಇಳಿಯುತ್ತಾರೆ. ಇಲ್ಲಿಂದ ಸರ್ವಜ್ಞ ಪೀಠಕ್ಕೆ ಸುಮಾರು ಎರಡು ಕಿಲೋಮೀಟರ್ ಏಣಿನ ದಾರಿ. ಶಂಕರಾಚಾರ್ಯರ ಹೆಸರಿನ ಪುಟ್ಟ ಕಲ್ಲಿನ ಮಂಟಪ, ಸುತ್ತ ಗಾಳಿ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಸಮುದ್ರ ಒಂದು ಬೆಳ್ಳಿ ಗೆರೆಯ ಹಾಗೆ ಕಾಣುತ್ತದೆ. ಅಲ್ಲಿಂದ ಕೆಳಗೆ ಚಿತ್ರಮೂಲಕ್ಕೆ ಇಳಿಯುವ ದಾರಿ ಕಡಿದು. ಒಂದು ದಿನದ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.

ಆ ಸಮುದ್ರದ ಕಡೆಯಿಂದಲೇ ಮಂಜು ಬರುವುದು. ಒಂದು ಅಕ್ಟೋಬರಿನಲ್ಲಿ ನಾನು ಹನ್ನೊಂದಕ್ಕೆ ಹತ್ತಲು ಶುರು ಮಾಡಿದೆ. ಗೊತ್ತಿರುವ ಬೆಟ್ಟ ಅನ್ನುವ ಸೊಕ್ಕು. ಪೀಠದಿಂದ ಮೂರೂವರೆಗೆ ಹೊರಟೆ. ಹತ್ತು ಹೆಜ್ಜೆ ಇಟ್ಟಿರಬೇಕು, ಬಿಳಿ ಗೋಡೆ ಎದ್ದ ಹಾಗೆ ಮಂಜು ಬಂತು. ಚಾಚಿದ ಕೈಯ ಬೆರಳು ಕಾಣುತ್ತಿತ್ತು, ಶೂ ಕಾಣುತ್ತಿರಲಿಲ್ಲ. ಹುಲ್ಲಿನಲ್ಲಿ ಎಲ್ಲ ದಾರಿಯೂ ದಾರಿಯ ಹಾಗೇ ಇರುತ್ತದೆ, ಅರ್ಧಕ್ಕರ್ಧ ದನ ಮಾಡಿದವು. ನಲವತ್ತು ನಿಮಿಷ ನಡೆದೆ. ಗಾಳಿ ಎಡಗಿವಿಗೆ ಹೊಡೆಯಬೇಕಿತ್ತು, ಬಲಗಿವಿಗೆ ಹೊಡೆಯುತ್ತಿದೆ ಅಂತ ಆಗ ತಿಳಿಯಿತು. ನಿಂತೆ. ಕೂತೆ. ಹಿಂದೆಲ್ಲೋ ಜೀಪಿನ ಹಾರನ್ ಕೇಳಿತು, ನಾನು ಹೋಗುತ್ತಿದ್ದ ದಿಕ್ಕಿಗೆ ತದ್ವಿರುದ್ಧ. ಕೆಳಗೆ ಬರುವಾಗ ಕತ್ತಲಾಗಿತ್ತು. ಕಾಯುತ್ತೇನೆ ಅಂದಿದ್ದ ಬಾಡಿಗೆ ವಾಹನ ಹೊರಟುಹೋಗಿತ್ತು. ಮನೆ ಮುಟ್ಟಿದಾಗ ಹತ್ತೂಮುಕ್ಕಾಲು, ಹಂಡೆಯ ನೀರು ಉಗುರು ಬೆಚ್ಚಗೂ ಇರಲಿಲ್ಲ.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ದಾರಿ ಕವಲಾದಲ್ಲೆಲ್ಲ ಹಿಂದಿರುಗಿ ನಿಂತು ಒಂದು ಫೋಟೋ ತೆಗೆಯುತ್ತೇನೆ, ಬರುವಾಗ ಕಣ್ಣಿಗೆ ಬೀಳುವುದು ಆ ನೋಟವೇ ತಾನೆ. ಮಂಜು ಬಂದರೆ ನಡೆಯುವುದಿಲ್ಲ. ಕೂತು ಬೆಲ್ಲ ತಿನ್ನುತ್ತೇನೆ. ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ಒಂದು ಕಿಂಡಿ ತೆರೆಯುತ್ತದೆ.

ಇನ್ನೂ ಕಾಲಲ್ಲಿ ಕಸುವಿದ್ದರೆ: ನರಸಿಂಹ ಪರ್ವತ

1152 ಮೀಟರ್. ಕೊಡಚಾದ್ರಿಗಿಂತ ಕಡಿಮೆ, ಆದರೆ ಇಲ್ಲಿ ಜೀಪೂ ಇಲ್ಲ, ಅಂಗಡಿಯೂ ಇಲ್ಲ. ಆಗುಂಬೆ ಕಡೆ ಮಲ್ಲಂದೂರಿನಿಂದ ಒಂದು ದಾರಿ, ಶೃಂಗೇರಿ ಕಡೆ ಕಿಗ್ಗದಿಂದ ಇನ್ನೊಂದು. ಮಲ್ಲಂದೂರಿನ ದಾರಿ ಉದ್ದ. ಸೀತಾ ನದಿ ಸುಮಾರು 260 ಮೀಟರ್ ಧುಮುಕುವ ಬರ್ಕಣ ಇರುವುದು ಈ ಕಡೆ. ಒಂದೇ ದಿನದಲ್ಲಿ ಹೋಗಿ ಬರುವವರು ಕಿಗ್ಗದಿಂದ ಹತ್ತಿ, ಕಿಗ್ಗಕ್ಕೇ ಇಳಿಯಿರಿ. ಗೈಡ್ ಇಲ್ಲದೆ ಬಿಡುವುದಿಲ್ಲ, ಬಿಟ್ಟರೂ ಹೋಗಬೇಡಿ. ಕಾಟಿಗಳು, ಅಂದರೆ ಕಾಡುಕೋಣಗಳು, ದಾರಿಯಲ್ಲೇ ಮೇಯುತ್ತವೆ. ಎದುರಾದರೆ ಸದ್ದು ಮಾಡದೆ ಹಿಂದೆ ಸರಿದು ದಾರಿ ಬಿಡಿ.

ಹೊರಡುವ ಮುನ್ನ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಕೈ ಮುಗಿಯುವುದು ವಾಡಿಕೆ. ಮಳೆ ಬರಲಿ ಅಂತಲೂ ಪೂಜೆ ಮಾಡಿಸುತ್ತಾರೆ, ಸಾಕು ನಿಲ್ಲಲಿ ಅಂತಲೂ ಮಾಡಿಸುತ್ತಾರೆ. ಯಾವುದನ್ನು ಕೇಳುತ್ತಿದ್ದೀರಿ ಅಂತ ಸ್ಪಷ್ಟವಾಗಿ ಹೇಳಿ.

ಬಚ್ಚಲು

ಇದೂ ಒಂದು ಹಂತವೇ, ಬಿಡಬೇಡಿ. ಉಳಿಯುವ ಜಾಗ ಆರಿಸುವಾಗಲೇ ಒಲೆ ಹಂಡೆ ಇದೆಯಾ ಅಂತ ಕೇಳಿ. ಹೋಂಸ್ಟೇಗಳಲ್ಲಿ ಗೀಸರ್ ಇದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಮಳೆಗಾಲದಲ್ಲಿ ಕರೆಂಟು ಇದ್ದರೆ ತಾನೆ ಗೀಸರ್.

ಬಟ್ಟೆಯನ್ನು ಹೊರಗಡೆಯೇ ಕಳಚಿ ಕುದಿಯುವ ನೀರಿಗೆ ಹಾಕಿ, ಹಾಸಿಗೆಯ ಮೇಲೆ ಎಸೆಯಬೇಡಿ. ಬೆಳಕಿನಲ್ಲಿ ಮೈ ನೋಡಿಕೊಳ್ಳಿ. ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಕಂಕುಳು, ಕಿವಿಯ ಹಿಂದೆ. ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಜಜ್ಜಬೇಡಿ, ಸುಡಬೇಡಿ. ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಮೀನಖಂಡ ನೀವಿ, ಮೇಲಿನಿಂದ ಕೆಳಕ್ಕಲ್ಲ, ಪಾದದಿಂದ ಮೇಲಕ್ಕೆ. ಹತ್ತು ನಿಮಿಷ ಬಿಟ್ಟು ನೀರು ಹೊಯ್ದುಕೊಳ್ಳಿ. ಮೊದಲ ಚೊಂಬು ಸುಡುತ್ತದೆ. ಇಂಬಳ ಕಚ್ಚಿದ ಜಾಗವೆಲ್ಲ ಒಮ್ಮೆಲೇ ತುರಿಸುತ್ತದೆ, ಕೆರೆಯಬೇಡಿ. ಮೂರನೇ ಚೊಂಬಿಗೆ ಕಾಲು ನಿಮ್ಮದಾಗುತ್ತದೆ.

ಶೂಗಳ ಒಳಗೆ ಹಳೆಯ ಪೇಪರ್ ತುರುಕಿ ಬಚ್ಚಲೊಲೆಯ ಪಕ್ಕ, ಒಂದು ಮೊಳ ದೂರದಲ್ಲಿ ನಿಲ್ಲಿಸಿ. ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ. ಬೆಳಿಗ್ಗೆ ಹಾಕಿಕೊಳ್ಳುವ ಮುನ್ನ ಬುಡಮೇಲು ಮಾಡಿ ಕುಟ್ಟಿ, ರಾತ್ರಿ ಬೆಚ್ಚಗಿನ ಜಾಗಕ್ಕೆ ಚೇಳೂ ಬಂದಿರುತ್ತದೆ.